ಜಿಪಿಎಸ್ ಸ್ಥಳಾಕೃತಿ ನಕ್ಷೆಗಳಲ್ಲಿ ಕಾಲುದಾರಿ ಮತ್ತು ಕಚ್ಚಾ ರಸ್ತೆಗಳು

ಕೈಯಲ್ಲಿ ಹಿಡಿದು ಬಳಸುವ ಜಿಪಿಎಸ್ ಸಾಧನಗಳ ಸ್ಥಳಾಕೃತಿ ನಕ್ಷೆಗಳಲ್ಲಿ (ಟೋಪೋ ನಕ್ಷೆಗಳಲ್ಲಿ) ಬೆಟ್ಟ, ಕಣಿವೆ, ಹಳ್ಳಗಳ ಜೊತೆಗೆ ಕಾಲುದಾರಿ, ಕಾಡುರಸ್ತೆ ಮತ್ತು ಕಚ್ಚಾ ರಸ್ತೆಗಳನ್ನೂ ತೋರಿಸಲಾಗುತ್ತದೆ. ಚಾರಣಿಗರು, ಅರಣ್ಯ ಸಿಬ್ಬಂದಿ ಹಾಗೂ ರಕ್ಷಣಾ ತಂಡಗಳು ಈ ವಿವರಗಳನ್ನು ಬಳಸುತ್ತಾರೆ. ಬಯಲಿನಲ್ಲಿ ಸಾಧನವು ತಾನಿರುವ ಸ್ಥಾನವನ್ನು ಕೆಲವೇ ಮೀಟರ್‌ಗಳ ಅಂತರದೊಳಗೆ ಗುರುತಿಸಬಲ್ಲದು. ಆದರೆ ಪರದೆಯ ಮೇಲಿನ ದಾರಿಯ ಗೆರೆಯು ದಶಕಗಳ ಹಿಂದಿನ ಸರ್ವೇಕ್ಷಣೆಯಿಂದ ಬಂದಿರಬಹುದು. ಆ ದಾರಿ ಈಗಲೂ ಉಳಿದಿದೆಯೇ, ಅದರಲ್ಲಿ ಸಂಚರಿಸಲು ಅನುಮತಿ ಇದೆಯೇ ಎಂಬುದನ್ನು ಗೆರೆಯೊಂದೇ ತಿಳಿಸಲಾರದು. ಈ ಅಂತರದ ಪರಿಣಾಮಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ಪಷ್ಟವಾಗಿ ಕಂಡುಬಂದಿವೆ.

ಹಿನ್ನೆಲೆ

ಗ್ರಾಹಕರಿಗಾಗಿ ಮಾರಾಟವಾದ ಮೊದಲ ಕೈ ಜಿಪಿಎಸ್ ಸಾಧನವಾದ ಮೆಗೆಲನ್ ನ್ಯಾವ್ 1000 ಬಿಡುಗಡೆಯಾದದ್ದು 1989ರಲ್ಲಿ. ಅದು ಅಕ್ಷಾಂಶ ರೇಖಾಂಶಗಳನ್ನು ಅಂಕಿಗಳಲ್ಲಿ ತೋರಿಸುತ್ತಿತ್ತೇ ಹೊರತು ಅದರಲ್ಲಿ ನಕ್ಷೆ ಇರಲಿಲ್ಲ. 2000ರ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ನಾಗರಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಸೇರಿಸುತ್ತಿದ್ದುದರಿಂದ ಸ್ಥಾನವು ಸುಮಾರು 100 ಮೀಟರ್‌ಗಳಷ್ಟು ತಪ್ಪಾಗುವ ಸಾಧ್ಯತೆಯಿತ್ತು. ಆ ದೋಷವನ್ನು ತೆಗೆದುಹಾಕಿದ ಬಳಿಕ, ಅದುವರೆಗೆ ಮರೆಯಾಗಿದ್ದ ನಕ್ಷೆಗಳ ತಪ್ಪುಗಳು ಬಳಕೆದಾರರ ಕಣ್ಣಿಗೆ ಬೀಳತೊಡಗಿದವು.

ಆರಂಭಿಕ ನಕ್ಷಾಸಾಧನಗಳ ಸ್ಮರಣಶಕ್ತಿಯೂ ಕಡಿಮೆಯಿತ್ತು. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಲೆಜೆಂಡ್ ಸಾಧನದಲ್ಲಿ ನಕ್ಷೆಗಳಿಗಾಗಿ ಇದ್ದದ್ದು 8 ಮೆಗಾಬೈಟ್ ಮಾತ್ರ. ಮೈಕ್ರೋ ಎಸ್‌ಡಿ ಕಾರ್ಡ್‌ಗಳು ಬಂದ ನಂತರವೇ ವಿಶಾಲ ಪ್ರದೇಶಗಳ ವಿವರವಾದ ನಕ್ಷೆಗಳನ್ನು ಒಟ್ಟಿಗೆ ಒಯ್ಯುವುದು ಸಾಧ್ಯವಾಯಿತು.

ದತ್ತಾಂಶದ ಮೂಲಗಳು

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾದ ಯುಎಸ್‌ಜಿಎಸ್ 1:24,000 ಪ್ರಮಾಣದಲ್ಲಿ ಸಿದ್ಧಪಡಿಸಿದ ಹಾಳೆಗಳು ಈ ನಕ್ಷೆಗಳ ಮುಖ್ಯ ಮೂಲಗಳಲ್ಲಿ ಒಂದು. ಪರಸ್ಪರ ಹೊಂದಿಕೊಂಡಿರುವ 48 ರಾಜ್ಯಗಳನ್ನು ಒಳಗೊಳ್ಳಲು ಇಂತಹ 50,000ಕ್ಕೂ ಹೆಚ್ಚು ಹಾಳೆಗಳು ಬೇಕಾದವು. ಎರಡನೇ ಮಹಾಯುದ್ಧದ ನಂತರ ವ್ಯಾಪಕವಾಗಿ ಆರಂಭವಾದ ಈ ಕಾರ್ಯವು 1990ರ ದಶಕದ ಆದಿಯಲ್ಲಿ ಪೂರ್ಣಗೊಂಡಿತು. ಇವುಗಳಲ್ಲಿ ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದಲೂ ಸುಧಾರಿಸದ ಕಚ್ಚಾ ರಸ್ತೆಯನ್ನು ಜೋಡಿ ತುಂಡುಗೆರೆಯಿಂದಲೂ ಸೂಚಿಸಲಾಗುತ್ತದೆ. ದೂರದ ಕಾಡು ಮತ್ತು ಮರುಭೂಮಿಗಳ ಅನೇಕ ಹಾಳೆಗಳು ಮೊದಲ ಮುದ್ರಣದ ನಂತರ ಕ್ಷೇತ್ರ ಪರಿಶೀಲನೆಯ ಮೂಲಕ ಪರಿಷ್ಕರಣೆಗೊಳ್ಳಲಿಲ್ಲ. ಹೀಗಾಗಿ ಹಳೆಯ ಗಣಿ, ಮರ ಸಾಗಣೆ ಮತ್ತು ದನಗಾಹಿಗಳ ದಾರಿಗಳು ನೆಲದ ಮೇಲೆ ಅಳಿಸಿಹೋದರೂ ನಕ್ಷೆಯಲ್ಲಿ ಉಳಿದುಕೊಂಡವು.

ಎರಡನೆಯ ಮೂಲ ಜನಗಣತಿ ಇಲಾಖೆಯ ಟೈಗರ್ ದತ್ತಾಂಶ. 1990ರ ಜನಗಣತಿಗಾಗಿ ರೂಪಿಸಲಾದ ಇದರ ಗ್ರಾಮೀಣ ಭಾಗವನ್ನು ಬಹುಮಟ್ಟಿಗೆ 1:100,000 ಪ್ರಮಾಣದ ನಕ್ಷೆಗಳಿಂದ ಪಡೆಯಲಾಗಿತ್ತು. ಮನೆಗಳ ಎಣಿಕೆಯೇ ಇದರ ಉದ್ದೇಶವಾಗಿದ್ದುದರಿಂದ ಜನವಸತಿಯಿಲ್ಲದ ಕಡೆ ರಸ್ತೆಯ ಸ್ಥಿತಿಗೆ ಹೆಚ್ಚಿನ ಗಮನ ದೊರೆಯಲಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆಯು 2007–08ರಲ್ಲಿ ಈ ದತ್ತಾಂಶವನ್ನು ಸಗಟಾಗಿ ಸೇರಿಸಿಕೊಂಡಿತು. ಪರಿಣಾಮವಾಗಿ ಮರುಭೂಮಿಯ ಜೀಪುದಾರಿಗಳು ಸಹ ವಸತಿ ಬಡಾವಣೆಯ ರಸ್ತೆಗಳೆಂದು ದಾಖಲಾದವು. ಸ್ವಯಂಸೇವಕರು ಇವನ್ನು ಕ್ರಮೇಣ ತಿದ್ದುತ್ತಿದ್ದಾರೆ. ಕಚ್ಚಾ ದಾರಿಯ ಗಟ್ಟಿತನವನ್ನು ಐದು ದರ್ಜೆಗಳಲ್ಲಿ ನಮೂದಿಸುವ ವ್ಯವಸ್ಥೆಯೂ ಈ ಯೋಜನೆಯಲ್ಲಿದೆ.

2009ರಲ್ಲಿ ಆರಂಭವಾದ ಯುಎಸ್ ಟೋಪೋ ಸರಣಿಯನ್ನು ಯುಎಸ್‌ಜಿಎಸ್ ಕ್ಷೇತ್ರ ಸರ್ವೇಕ್ಷಣೆಯ ಬದಲು ಗಣಕೀಕೃತ ದತ್ತಾಂಶಗಳಿಂದ ಸಿದ್ಧಪಡಿಸುತ್ತದೆ. ಇದರ ಮೊದಲ ಆವೃತ್ತಿಗಳಲ್ಲಿ ಚಾರಣದ ಹಾದಿಗಳು ಇರಲಿಲ್ಲ. ಅವುಗಳನ್ನು ನಂತರ ಹಂತಹಂತವಾಗಿ ಸೇರಿಸಲಾಯಿತು.

ಪ್ರಮಾಣ ಮತ್ತು ನಿಖರತೆ

1947ರ ರಾಷ್ಟ್ರೀಯ ನಕ್ಷಾ ನಿಖರತಾ ಮಾನದಂಡದ ಪ್ರಕಾರ, ಸ್ಪಷ್ಟವಾಗಿ ಗುರುತಿಸಬಹುದಾದ ಬಿಂದುಗಳ ಪೈಕಿ ಶೇ. 90ರಷ್ಟು 1:24,000 ನಕ್ಷೆಯಲ್ಲಿ ನೆಲದ ಮೇಲಿನ ಸುಮಾರು 12 ಮೀಟರ್‌ಗಳೊಳಗೆ ಸರಿಯಾಗಿರಬೇಕು. 1:100,000 ನಕ್ಷೆಯಲ್ಲಿ ಈ ಮಿತಿಯು ಸುಮಾರು 51 ಮೀಟರ್. ದಟ್ಟ ಮರಗಳ ಕೆಳಗಿನ ಕಾಲುದಾರಿಯು ವೈಮಾನಿಕ ಚಿತ್ರಗಳಲ್ಲಿ ಕಾಣದಿರುವುದರಿಂದ ಅದರ ಗೆರೆ ಇನ್ನೂ ದೂರ ಸರಿದಿರುವುದುಂಟು.

ಸಣ್ಣ ಪ್ರಮಾಣದ ನಕ್ಷೆಗಳಲ್ಲಿ ಗೆರೆಗಳನ್ನು ಸರಳಗೊಳಿಸುವುದು ಅನಿವಾರ್ಯ. ಕಡಿದಾದ ಇಳಿಜಾರನ್ನು ಹತ್ತುವ ದಾರಿಯ ಅನೇಕ ತಿರುವುಗಳು ಒಂದೇ ಬಾಗುಗೆರೆಯಾಗಿ ಕಾಣುತ್ತವೆ. ಸಾಧನವು ಆ ಗೆರೆಯ ಉದ್ದವನ್ನೇ ಅಳೆಯುವುದರಿಂದ ನಡೆಯಬೇಕಾದ ದೂರವು ನಿಜಕ್ಕಿಂತ ಕಡಿಮೆಯೆಂದು ತೋರುತ್ತದೆ. ಪರದೆಯಲ್ಲಿ ನಕ್ಷೆಯನ್ನು ಹಿಗ್ಗಿಸಿದರೆ ಗೆರೆ ದೊಡ್ಡದಾಗುತ್ತದೆಯೇ ಹೊರತು ಅದರ ನಿಖರತೆ ಹೆಚ್ಚುವುದಿಲ್ಲ. ಇದಕ್ಕೆ ವಿರುದ್ಧವಾಗಿ ನಕ್ಷೆಯನ್ನು ಕುಗ್ಗಿಸಿದಾಗ ಸಾಧನವು ಸಣ್ಣ ದಾರಿಗಳನ್ನು ಮರೆಮಾಡುತ್ತದೆ. ದಾರಿ ಕಾಣದಿದ್ದ ಮಾತ್ರಕ್ಕೆ ಅದು ದತ್ತಾಂಶದಲ್ಲಿ ಇಲ್ಲವೆಂದು ಅರ್ಥವಲ್ಲ.

ಕಾಗದದ ಹಾಳೆಯನ್ನು ಸಾಧನದೊಂದಿಗೆ ಬಳಸುವಾಗ ಎರಡರ ಭೂಮಾಪನ ಆಧಾರವೂ ಒಂದೇ ಆಗಿರಬೇಕು. ಯುಎಸ್‌ಜಿಎಸ್‌ನ ಹಳೆಯ ಹಾಳೆಗಳು 1927ರ ಉತ್ತರ ಅಮೆರಿಕ ಆಧಾರವನ್ನು, ಜಿಪಿಎಸ್ ವ್ಯವಸ್ಥೆಯು ಡಬ್ಲ್ಯೂಜಿಎಸ್ 84 ಆಧಾರವನ್ನು ಅನುಸರಿಸುತ್ತವೆ. ಈ ಹೊಂದಾಣಿಕೆ ತಪ್ಪಿದರೆ ಸ್ಥಾನವು ಹತ್ತಾರು ಮೀಟರ್‌ಗಳಷ್ಟು ಪಲ್ಲಟವಾಗುತ್ತದೆ.

ಮಾರ್ಗ ಲೆಕ್ಕಾಚಾರ

ಕೆಲವು ನಕ್ಷೆಗಳಲ್ಲಿ ದಾರಿಗಳು ಕೇವಲ ಚಿತ್ರಿತ ಗೆರೆಗಳು. ಇನ್ನು ಕೆಲವುಗಳಲ್ಲಿ ಅವು ಪರಸ್ಪರ ಕೂಡುವ ಬಿಂದುಗಳ ಜಾಲವಾಗಿರುತ್ತವೆ. ಎರಡನೆಯ ಬಗೆಯ ನಕ್ಷೆಯಿದ್ದರೆ ಮಾತ್ರ ಸಾಧನವು ದಾರಿಗುಂಟ ಮಾರ್ಗವನ್ನು ಲೆಕ್ಕಹಾಕಬಲ್ಲದು. ಜಾಲದಲ್ಲಿ ಎರಡು ದಾರಿಗಳು ಕೂಡಿಕೊಂಡಿರದಿದ್ದರೆ ಅದು ದೂರದ ಬಳಸುದಾರಿಯನ್ನು ಸೂಚಿಸಬಹುದು. ಮುಚ್ಚಿದ ದಾರಿಯು ತೆರೆದಿದೆಯೆಂದು ದಾಖಲಾಗಿದ್ದರೆ ಅದರ ಮೂಲಕವೇ ಕರೆದೊಯ್ಯಬಹುದು.

ಸಂಚಾರದ ಅನುಮತಿ

ಅಮೆರಿಕದ ಅರಣ್ಯ ಸೇವೆಯು 2005ರ ಪ್ರಯಾಣ ನಿರ್ವಹಣಾ ನಿಯಮದಂತೆ ರಾಷ್ಟ್ರೀಯ ಅರಣ್ಯಗಳಲ್ಲಿ ವಾಹನ ಸಂಚಾರಕ್ಕೆ ತೆರೆದಿರುವ ರಸ್ತೆ ಮತ್ತು ದಾರಿಗಳ ಪ್ರತ್ಯೇಕ ನಕ್ಷೆಗಳನ್ನು ಪ್ರಕಟಿಸುತ್ತದೆ. ಇಂತಹ ನಕ್ಷೆಯಲ್ಲಿ ಇಲ್ಲದ ದಾರಿಯಲ್ಲಿ ವಾಹನ ಓಡಿಸುವುದು ನಿಯಮಬಾಹಿರ. ಇವುಗಳಲ್ಲಿ ಭೂಸ್ವರೂಪದ ವಿವರ ಅತ್ಯಲ್ಪ. ಆದುದರಿಂದ ಟೋಪೋ ನಕ್ಷೆಯು ನೆಲದ ಸ್ವರೂಪವನ್ನೂ ಈ ನಕ್ಷೆಯು ಅನುಮತಿಯನ್ನೂ ತಿಳಿಸುತ್ತದೆ. ಒಂದು ಮತ್ತೊಂದಕ್ಕೆ ಬದಲಿಯಾಗಲಾರದು.

ಡೆತ್ ವ್ಯಾಲಿ ಪ್ರಕರಣ

ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ 2009ರ ಆಗಸ್ಟ್‌ನಲ್ಲಿ ತಾಯಿ ಮತ್ತು ಮಗುವಿದ್ದ ವಾಹನವು ನಿರ್ಜನ ಪ್ರದೇಶದಲ್ಲಿ ಸಿಕ್ಕಿಹಾಕಿಕೊಂಡಿತು. ಅವರು ಜಿಪಿಎಸ್ ಸೂಚನೆಯನ್ನು ಅನುಸರಿಸುತ್ತಿದ್ದರೆಂದು ವರದಿಯಾಯಿತು. ರಕ್ಷಕರು ತಲುಪುವ ವೇಳೆಗೆ ಮಗು ಮೃತಪಟ್ಟಿತ್ತು. ಉದ್ಯಾನದ ಸಿಬ್ಬಂದಿ ಇಂತಹ ಘಟನೆಗಳನ್ನು ‘ಜಿಪಿಎಸ್‌ನಿಂದ ಸಾವು’ ಎಂದು ಕರೆಯತೊಡಗಿದರು. ಬಳಕೆಯಲ್ಲಿಲ್ಲದ ರಸ್ತೆಗಳನ್ನು ದತ್ತಾಂಶದಿಂದ ತೆಗೆಸಲು ಅವರು ನಕ್ಷಾ ಕಂಪನಿಗಳೊಂದಿಗೆ ವ್ಯವಹರಿಸಿದರು. ಜಿಪಿಎಸ್ ಮಾರ್ಗದರ್ಶನವನ್ನೇ ನಂಬಬಾರದೆಂದು ಉದ್ಯಾನವು ಪ್ರವಾಸಿಗರನ್ನು ಎಚ್ಚರಿಸುತ್ತದೆ.

ಭಾರತದಲ್ಲಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ಬಂಡಿದಾರಿ, ಹೇರುಪ್ರಾಣಿಗಳ ದಾರಿ ಮತ್ತು ಕಾಲುದಾರಿಗಳಿಗೆ ಪ್ರತ್ಯೇಕ ಸಂಕೇತಗಳಿವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕ ಬಳಕೆಗಾಗಿ ಮುಕ್ತ ಸರಣಿಯನ್ನು ರೂಪಿಸಿತು. 2021ರ ಮಾರ್ಗಸೂಚಿಗಳು ಭೂಪ್ರಾದೇಶಿಕ ದತ್ತಾಂಶದ ಸಂಗ್ರಹ ಮತ್ತು ಪ್ರಕಟಣೆಯ ಮೇಲಿನ ನಿರ್ಬಂಧಗಳನ್ನು ಗಣನೀಯವಾಗಿ ಸಡಿಲಿಸಿದವು. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿನ ಅನೇಕ ಚಾರಣ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಹಾದಿಯು ಸಾಧನದ ನಕ್ಷೆಯಲ್ಲಿದ್ದರೂ ಈ ಅಗತ್ಯ ತಪ್ಪುವುದಿಲ್ಲ.