ಬದಲಿ ಕ್ಯಾಸೆಟ್ಟು

ವಿಡಿಯೋ ಗೇಮಿನ ಕ್ಯಾಸೆಟ್ಟಿನೊಳಗೆ ಟೇಪು ಇರುವುದಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮಕ್ಕಳೆಲ್ಲ ಅದನ್ನು ಕ್ಯಾಸೆಟ್ಟೆಂದೇ ಕರೆದರು. ಹಾಡಿನ ಕ್ಯಾಸೆಟ್ಟಿನಂತೆ ಅದೂ ಕೈಯಿಂದ ಕೈಗೆ ಹೋಗುತ್ತಿತ್ತು, ಕೆಟ್ಟರೆ ಇನ್ನೊಂದು ಸಿಗುತ್ತಿತ್ತು, ಅಸಲು ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಹೆಸರು ಅಷ್ಟೇನೂ ತಪ್ಪಲ್ಲ.

ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. 1985ರಲ್ಲಿ ಅಮೆರಿಕಕ್ಕೆ ಕಳುಹಿಸಿದ ರೂಪದಲ್ಲಿ, ಕ್ಯಾಸೆಟ್ಟು ಅಧಿಕೃತವೇ ಎಂದು ಪರೀಕ್ಷಿಸುವ ಒಂದು ಚಿಪ್ಪನ್ನು ಬೀಗದಂತೆ ಅಳವಡಿಸಿತು. ಜಪಾನಿನ ಪೆಟ್ಟಿಗೆಗೆ ಈ ಬೀಗವಿರಲಿಲ್ಲ. ತೈವಾನ್, ಹಾಂಗ್‌ಕಾಂಗ್‌ಗಳ ತಯಾರಕರು ಆ ಪೆಟ್ಟಿಗೆಯನ್ನೂ ಅದರ ಆಟಗಳನ್ನೂ ಧಾರಾಳವಾಗಿ ನಕಲು ಮಾಡಿದರು. ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ ನಮ್ಮ ದೇಶದ ಮನೆಗಳಿಗೆ ಬಂದದ್ದು ಇದೇ ಮಾದರಿಯ ಪೆಟ್ಟಿಗೆ.

ಕಲಬುರಗಿ ಜಿಲ್ಲೆಯ ನಮ್ಮ ಊರುಗಳಿಗೆ ಅದು ಬಂದದ್ದು ರೈಲಿನಲ್ಲಿ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ದಾರಿ 1874ರಲ್ಲೇ ಆಗಿತ್ತು. ಸೇಡಂ, ಚಿತ್ತಾಪುರಗಳು ಆ ದಾರಿಯ ಮೇಲಿವೆ. ವಾಡಿಯಿಂದ ಕಲಬುರಗಿಯತ್ತ ಹೊರಟರೆ ಶಹಾಬಾದ್. ಹೈದರಾಬಾದಿಗೆ ಹೋದವರು ಮಕ್ಕಳಿಗೆಂದು ಒಂದು ಕ್ಯಾಸೆಟ್ಟು ತಂದರೆ ಅದು ಇಡೀ ಓಣಿಯ ಆಸ್ತಿ. ಚಿಂಚೋಳಿಗೆ ರೈಲಿಲ್ಲ. ಅಲ್ಲಿಗೆ ಆಟಗಳು ಬಸ್ಸಿನಲ್ಲಿ, ರಜೆಗೆ ಬರುವ ನೆಂಟರ ಚೀಲದಲ್ಲಿ ಹೋಗುತ್ತಿದ್ದವು.

1994ರ ಬೇಸಿಗೆಯಲ್ಲಿ ಮಾತ್ರ ಒಂದು ಕ್ಯಾಸೆಟ್ಟು ಚಿಂಚೋಳಿಯಿಂದ ವಾಡಿಗೆ ತಿರುಗಿ ಬಂತು. ತಂದವನು ನಾನು. ಸೋದರಮಾವನ ಮಗನಿಂದ ಎಂಟು ದಿನದ ಮಟ್ಟಿಗೆ ಕೇಳಿ ತಂದದ್ದು. ನಾಮ್ಕೊ ಸಂಸ್ಥೆ 1985ರಲ್ಲಿ ಹೊರತಂದ ‘ಬ್ಯಾಟಲ್ ಸಿಟಿ’ ಅದರಲ್ಲಿತ್ತು. ನಮಗೆ ಅದು ಬರೀ ‘ಟ್ಯಾಂಕು’. ಮೂರನೆಯ ದಿನ, ಪೆಟ್ಟಿಗೆಯ ಸ್ವಿಚ್ಚು ಆರಿಸದೆ ಕ್ಯಾಸೆಟ್ಟನ್ನು ಕಿತ್ತೆ. ಮತ್ತೆ ಹಾಕಿದರೆ ಪರದೆಯ ತುಂಬ ಬೂದು ಬಣ್ಣ. ಎಲ್ಲರಂತೆ ನಾನೂ ಬಾಯಿಂದ ಊದಿದೆ. (ಊದುವುದು ಒಳ್ಳೆಯ ಔಷಧಿಯಲ್ಲ; ಉಸಿರಿನ ತೇವದಿಂದ ಲೋಹದ ಪಟ್ಟಿಗಳು ಇನ್ನಷ್ಟು ಕಿಲುಬು ಹಿಡಿಯುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜುವುದು ವಾಸಿ.)

ರಿಪೇರಿ ಅಂಗಡಿಯವರು ಅದನ್ನು ಬಿಚ್ಚಿ ತೋರಿಸಿದರು. ಹಸಿರು ಹಲಗೆಯ ಮೇಲೆ ಹುಣಸೆಬೀಜದಷ್ಟು ಕಪ್ಪು ಅಂಟಿನ ಮುದ್ದೆ. “ಸುಟ್ಟದ ತಮ್ಮಾ, ಇದು ರಿಪೇರಿ ಆಗಂಗಿಲ್ಲ. ಹಳೇದು ಕೊಡು, ಮ್ಯಾಲ 50 ರೂಪಾಯಿ ಕೊಟ್ಟು ಬ್ಯಾರೇದು ಒಯ್ಯಿ” ಎಂದರು. ಅವರು ಹೇಳಿದ್ದು ಸರಿ. ಅಸಲು ಕ್ಯಾಸೆಟ್ಟಿನಲ್ಲಿ ಚಿಪ್ಪುಗಳು ಕಾಲುಗಳುಳ್ಳ ಬಿಡಿ ಭಾಗಗಳು, ಕೆಟ್ಟದ್ದನ್ನು ಬಿಡಿಸಬಹುದು. ಅಗ್ಗದ ನಕಲಿನಲ್ಲಿ ಬರಿಯ ಸಿಲಿಕಾನ್ ಚೂರನ್ನೇ ಹಲಗೆಗೆ ಅಂಟಿಸಿ ಮೇಲೆ ರಾಳ ಸುರಿಯುತ್ತಾರೆ.

ಹಾಗಾದರೆ ಮೊದಲೇ ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದೆ? 1983ರಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಜೆಎಸ್ ಅಂಡ್ ಎ ಎಂಬ ಸಂಸ್ಥೆ ಅಟಾರಿ ಕ್ಯಾಸೆಟ್ಟುಗಳನ್ನು ನಕಲು ಮಾಡುವ ಯಂತ್ರ ಮಾರುತ್ತಿತ್ತು. ಹಾಳಾದೀತೆಂಬ ಭಯಕ್ಕೆ ಪ್ರತಿ ಇಟ್ಟುಕೊಳ್ಳಲಿ ಎಂಬುದು ಅದರ ವಾದ. ಫ್ಲಾಪಿಯಂತೆ ಈ ಚಿಪ್ಪು ಸುಲಭವಾಗಿ ಹಾಳಾಗದು ಎಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ನ್ಯಾಯಾಧೀಶರ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗ ಇರಲಿಲ್ಲವೆಂದು ಕಾಣುತ್ತದೆ.

ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ 1995ರ ಮೇ 10ರಿಂದ ಜಾರಿಗೆ ಬಂತು. ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯಸಮ್ಮತವಾಗಿ ಹೊಂದಿದವರು, ನಷ್ಟವಾಗದಂತೆ ತಾತ್ಕಾಲಿಕ ರಕ್ಷಣೆಗೆ ಪ್ರತಿ ಮಾಡಿಕೊಳ್ಳಬಹುದೆಂದು ಅದು ಹೇಳುತ್ತದೆ. ಬಾಡಿಗೆಗೆ ಕೊಡುವ ಹಕ್ಕನ್ನು ಮಾತ್ರ ಕೃತಿಸ್ವಾಮ್ಯದ ಒಡೆಯರಿಗೇ ಉಳಿಸಿತು. ಮಾಹಿತಿ ಸಂಸ್ಕರಿಸುವ ಯಾವುದೇ ವಿದ್ಯುನ್ಮಾನ ಸಾಧನ ಈ ಕಾಯಿದೆಯ ಪ್ರಕಾರ ಕಂಪ್ಯೂಟರೇ. ಎಂದರೆ ನಮ್ಮ ಆಟದ ಪೆಟ್ಟಿಗೆಯೂ ಸೇರಿತು. ಕಾನೂನು ಉದಾರವಾಗಿಯೇ ಇದೆ. ಆದರೆ ಪ್ರತಿ ಮಾಡಿಕೊಳ್ಳಲು ಅಸಲೊಂದು ಕೈಯಲ್ಲಿರಬೇಕಲ್ಲ! ನಾನಂತೂ ಆ ದಿನಗಳಲ್ಲಿ ಒಂದನ್ನೂ ಕಂಡವನಲ್ಲ. ಆಟ ಕಟ್ಟಿದವರಿಗೆ ನಮ್ಮ ಕಡೆಯಿಂದ ಒಂದು ಪೈಸೆ ಹೋಗಲಿಲ್ಲ ಎಂಬುದನ್ನೂ, ಆ ನಕಲು ಇಲ್ಲದಿದ್ದರೆ ನಾವು ಆಟವನ್ನೇ ಕಾಣುತ್ತಿರಲಿಲ್ಲ ಎಂಬುದನ್ನೂ ನಾನು ಒಟ್ಟಿಗೇ ಒಪ್ಪಿಕೊಳ್ಳಬೇಕು.

ಅಜ್ಜಿ ಕೊಟ್ಟ ಹಣದಲ್ಲಿ ಬದಲಿ ಕ್ಯಾಸೆಟ್ಟು ತಂದೆ. ಮೇಲಿನ ಚಿತ್ರ ಅದೇ, ಬಣ್ಣ ಅದೇ. ಚಿಂಚೋಳಿಗೆ ಒಯ್ದು, ಏನೂ ಹೇಳದೆ ಕೊಟ್ಟೆ. ಮಾವನ ಮಗ ಆಡತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಅವನ ಟ್ಯಾಂಕು ದೋಣಿಯ ಗುರುತೊಂದನ್ನು ಹಿಡಿದು ನೀರಿನ ಮೇಲೆ ಹೊರಟಿತು. ನಾಮ್ಕೊ ಕಟ್ಟಿದ ಆಟದಲ್ಲಿ ಟ್ಯಾಂಕು ನೀರು ದಾಟುವುದಿಲ್ಲ. ನಕಲು ಮಾಡಿದವರು ತಿದ್ದಿ, ಹೊಸ ಶಕ್ತಿಗಳನ್ನು ಸೇರಿಸಿದ ‘ಟ್ಯಾಂಕ್ 1990’ ಅದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

“ಇದು ನಂದಲ್ಲೋ” ಎಂದ. ನಾನು ಒಪ್ಪಿಕೊಂಡೆ. ಎರಡು ದಿನ ಮಾತು ಬಿಟ್ಟಿದ್ದ. ಕ್ಯಾಸೆಟ್ಟು ಅಲ್ಲೇ ಉಳಿಯಿತು. ಅವನ ತಮ್ಮಂದಿರಿಗೆ ಟ್ಯಾಂಕೆಂದರೆ ಇವತ್ತಿಗೂ ನೀರಿನ ಮೇಲೆ ಹೋಗುವಂಥದ್ದೇ.