ಸೊಲ್ಲಾಪುರದ ಹಳೇ ಗಿರಣಿ: ದಾವೆಯ ಹೊರಗುಳಿದವರು

ಸಂವಿಧಾನಶಾಸ್ತ್ರದ ವಿದ್ಯಾರ್ಥಿಗೆ ಸೊಲ್ಲಾಪುರವೆಂಬುದು ಮೊದಲಿಗೆ ಒಂದು ಮೊಕದ್ದಮೆಯ ಹೆಸರು. ಆಸ್ತಿಯ ಹಕ್ಕನ್ನು ಕುರಿತು ಸರ್ವೋಚ್ಚ ನ್ಯಾಯಾಲಯ 1950 ಮತ್ತು 1953ರಲ್ಲಿ ನೀಡಿದ ಎರಡು ಪ್ರಸಿದ್ಧ ತೀರ್ಪುಗಳಿಗೆ ಕಾರಣವಾದದ್ದು ಸೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ. ಊರಿನ ಮರಾಠಿಯಲ್ಲಿ ‘ಜುನಿ ಗಿರಣ’, ಕನ್ನಡದಲ್ಲಿ ಹಳೇ ಗಿರಣಿ. ಷೇರುದಾರರ ಹೆಸರಿನಿಂದಲೇ ಈ ಎರಡು ತೀರ್ಪುಗಳೂ ಪ್ರಸಿದ್ಧವಾಗಿವೆ. ಗಿರಣಿಯಲ್ಲಿ ದುಡಿದವರು ಅವುಗಳಲ್ಲಿ ಪಕ್ಷಕಾರರೇ ಅಲ್ಲ.

ಮುಂಬಯಿಯ ಉದ್ಯಮಿ ಮೊರಾರ್ಜಿ ಗೋಕುಲದಾಸರು ಈ ಕಂಪನಿಯನ್ನು ಸ್ಥಾಪಿಸಿದ್ದು 1874ರಲ್ಲಿ. ಅದು ಕಾಲೂರುತ್ತಿದ್ದ ವರ್ಷಗಳಲ್ಲೇ 1876–78ರ ಕ್ಷಾಮ ಸೊಲ್ಲಾಪುರ ಜಿಲ್ಲೆಯನ್ನೂ ನೆರೆಯ ವಿಜಾಪುರ ಸೀಮೆಯನ್ನೂ ಹಿಂಡಿತು. ಗಿರಣಿಗೆ ಅಗ್ಗದ ದುಡಿಮೆ ಒದಗಿದ್ದಕ್ಕೂ ಈ ಕ್ಷಾಮಕ್ಕೂ ನಂಟಿಲ್ಲವೆಂದು ನಂಬುವುದು ಕಷ್ಟ. ತೆಲುಗು ಮಾತಿನ ಪದ್ಮಶಾಲಿಗಳು, ಮರಾಠಿ ಮಾತಿನವರು, ಉರ್ದು ಮಾತಿನವರು, ಅಕ್ಕಲಕೋಟೆ–ವಿಜಾಪುರದ ಕಡೆಯ ಕನ್ನಡಿಗರು ಒಂದೇ ಸೂರಿನಡಿ ಸೇರಿದ ನಗರವಿದು.

ಒಳಗಿನ ಬದುಕನ್ನು ಆಳುತ್ತಿದ್ದುದು ಭೋಂಗಾ, ಅಂದರೆ ಪಾಳಿಯ ಕೂಗು. 1911ರ ಕಾನೂನು ಜವಳಿ ಕಾರ್ಖಾನೆಯ ಗಂಡಾಳಿನ ದಿನವನ್ನು 12 ಗಂಟೆಗೆ ಮಿತಿಗೊಳಿಸಿತು; ವಾರಕ್ಕೆ 48 ಗಂಟೆಯ ಮಿತಿ ಬರಲು 1946ರವರೆಗೆ ಕಾಯಬೇಕಾಯಿತು. ಹಿಂಜುವ ಖಾತೆಯಲ್ಲಿ ಹತ್ತಿಯ ಧೂಳು ಎದೆಗಿಳಿಯುತ್ತಿತ್ತು. ನೂಲು ಹರಿಯದಿರಲೆಂದು ನೇಯುವ ಖಾತೆಯ ಗಾಳಿಯನ್ನು ತೇವವಾಗಿಡುತ್ತಿದ್ದರು; ಮಗ್ಗಗಳ ಸದ್ದಿನಲ್ಲಿ ಮಾತಿಗಿಂತ ಕೈಸನ್ನೆಯೇ ಭಾಷೆ. ಗಿರಣಿಗಳಲ್ಲಿ ಆಳನ್ನು ಸೇರಿಸುವ, ಬಿಡಿಸುವ ಅಧಿಕಾರ ಬಹುಕಾಲ ಜಾಬರನ ಕೈಯಲ್ಲಿತ್ತು. ಅವನಿಗೆ ಸಲ್ಲುತ್ತಿದ್ದ ದಸ್ತೂರಿಯನ್ನು 1931ರ ರಾಯಲ್ ಕಾರ್ಮಿಕ ಆಯೋಗದ ವರದಿಯೂ ಖಂಡಿಸಿದೆ. ‘ಬದಲಿ’ಯವನ ಪಾಡು ಇನ್ನೂ ಅತಂತ್ರ: ದಿನವೂ ಬಾಗಿಲಿಗೆ ಬಂದು ನಿಲ್ಲಬೇಕು, ಯಾರಾದರೂ ಗೈರಾದರೆ ಮಾತ್ರ ಅಂದಿನ ಪಗಾರ. ಒಬ್ಬನ ಜ್ವರ ಇನ್ನೊಬ್ಬನ ಅನ್ನವಾಗುವ ಈ ಏರ್ಪಾಡನ್ನು ಬರಿಯ ನೇಮಕಾತಿಯ ಪದ್ಧತಿಯೆಂದು ವರ್ಣಿಸಿದರೆ ಅದರ ಕ್ರೌರ್ಯ ಕಾಣುವುದಿಲ್ಲ.

ಗಿರಣಿ, ಪಾಳಿ, ಪಗಾರ, ಬದಲಿ, ಹಾಜರಿ, ಖಾತೆ: ಈ ಮಾತುಗಳಿಗೆ ಉತ್ತರ ಕರ್ನಾಟಕದ ಕನ್ನಡದಲ್ಲೂ ಮರಾಠಿಯಲ್ಲೂ ಸಮಾನ ಬಳಕೆಯಿದೆ. ಗಡಿಯ ವಾದದಲ್ಲಿ ನಾವು ಊರೂರಿನ ಮಾತೃಭಾಷಿಕರ ತಲೆ ಎಣಿಸಿದೆವು. ಒಂದೇ ಪಾಳಿಯಲ್ಲಿ ಎರಡು ಮೂರು ಭಾಷೆಗಳನ್ನಾಡಿ ಬದುಕಿದವನನ್ನು ಯಾವ ಕಾಲಮಿನಲ್ಲಿ ಬರೆಯುವುದೆಂದು ಕೇಳಿಕೊಳ್ಳಲಿಲ್ಲ. ನಮ್ಮ ಸಾಹಿತ್ಯಚರಿತ್ರೆಯೂ ಸೊಲ್ಲಾಪುರದಲ್ಲಿ ಸಿದ್ಧರಾಮನಿಂದ ಜಯದೇವಿತಾಯಿ ಲಿಗಾಡೆಯವರೆಗೆ ಭಕ್ತಿಯಿಂದ ನಡೆದುಬರುತ್ತದೆ, ಗಿರಣಿಯ ಬಾಗಿಲ ಮುಂದೆ ಮಾತ್ರ ನಿಲ್ಲುವುದಿಲ್ಲ.

ಆಡಳಿತದ ಅವ್ಯವಸ್ಥೆಯಿಂದಾಗಿ 1949ರ ಆಗಸ್ಟಿನಲ್ಲಿ ಗಿರಣಿ ಮುಚ್ಚಿತು. 1950ರ ಜನವರಿಯಲ್ಲಿ, ಸಂವಿಧಾನ ಜಾರಿಗೆ ಬರುವ ಕೆಲವೇ ದಿನಗಳ ಮುನ್ನ, ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಆಡಳಿತವನ್ನು ವಹಿಸಿಕೊಂಡಿತು. ಅದರ ಪೀಠಿಕೆ ಎರಡು ಕಾರಣಗಳನ್ನು ಕೊಡುತ್ತದೆ: ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆ, ಮತ್ತು ಸಮುದಾಯದ ಯಾವುದೋ ಒಂದು ವಿಭಾಗದಲ್ಲಿ ಉಂಟಾದ ತೀವ್ರ ನಿರುದ್ಯೋಗ. ಸಾವಿರಾರು ಸಂಸಾರಗಳು ಆ ‘ಒಂದು ವಿಭಾಗ’ದಲ್ಲಿ ಅಡಗಿಹೋದವು.

ಚಿರಂಜಿತ್‌ಲಾಲ್ ಚೌಧುರಿಯವರ ಅರ್ಜಿಯನ್ನು ನ್ಯಾಯಾಲಯ 1950ರ ಡಿಸೆಂಬರಿನಲ್ಲಿ ಬಹುಮತದಿಂದ ತಳ್ಳಿಹಾಕಿತು. ಆಮೇಲೆ ಸರ್ಕಾರ ನೇಮಿಸಿದ ನಿರ್ದೇಶಕರು ಆದ್ಯತಾ ಷೇರುಗಳ ಬಾಕಿ ಹಣ ಕಟ್ಟುವಂತೆ ಕೇಳಿದಾಗ ದ್ವಾರಕಾದಾಸ್ ಶ್ರೀನಿವಾಸರು ದಾವೆ ಹೂಡಿದರು. ಪರಿಹಾರ ಕೊಡದೆ ಆಸ್ತಿಯಿಂದ ವಂಚಿತಗೊಳಿಸುವ ಕಾನೂನಿದು, ಅಸಿಂಧು ಎಂದು 1953ರ ಡಿಸೆಂಬರಿನಲ್ಲಿ ತೀರ್ಪಾಯಿತು. ಅದಾದ ಮೇಲೆ 1955ರ ನಾಲ್ಕನೆಯ ತಿದ್ದುಪಡಿ, ಸಾರ್ವಜನಿಕ ಹಿತಕ್ಕಾಗಿ ಅಥವಾ ಆಸ್ತಿಯ ಸರಿಯಾದ ನಿರ್ವಹಣೆಗಾಗಿ ಸೀಮಿತ ಅವಧಿಗೆ ಆಡಳಿತ ವಹಿಸಿಕೊಳ್ಳುವ ಕಾನೂನುಗಳಿಗೆ 31ಎ ವಿಧಿಯಲ್ಲಿ ರಕ್ಷಣೆ ಕೊಟ್ಟಿತು. ಪಗಾರವೂ ಒಂದು ಆಸ್ತಿಯೇ ಎಂಬ ಪ್ರಶ್ನೆಯನ್ನು ಈ ದಾವೆಗಳಲ್ಲಿ ಎತ್ತುವ ಅವಕಾಶ, ಹಳೇ ಗಿರಣಿಯ ಬಾಗಿಲಲ್ಲಿ ನಿಂತ ಬದಲಿಯವನಿಗೆ ಇರಲೇ ಇಲ್ಲ.