ಮೊಟ್ಟೆ ತೆಗೆದ ಎರಡು ಊರು: ಒಂದರಲ್ಲಿ ಆಮೆ ಹೋಯಿತು, ಇನ್ನೊಂದರಲ್ಲಿ ಇನ್ನೂ ಬರುತ್ತಿದೆ

ಕಡಲಾಮೆಯ ಮೊಟ್ಟೆಯನ್ನು ಜನ ತಿನ್ನುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ನಮ್ಮ ದೇಶದಲ್ಲಿ ಈಗ ಅದು ಅಪರಾಧ. ಆದರೆ ಜಗತ್ತಿನ ಕೆಲವು ಕಡೆ ಸರ್ಕಾರವೇ ಅನುಮತಿ ಕೊಟ್ಟು ಮೊಟ್ಟೆ ತೆಗೆಸಿದ ಚರಿತ್ರೆ ಇದೆ. ಅಂಥ ಎರಡು ಊರುಗಳ ವಿಷಯ ಇಲ್ಲಿ ಹೇಳುತ್ತೇನೆ. ಒಂದು ಮಲೇಷ್ಯಾದ ರಂಟಾವ್ ಅಬಾಂಗ್, ಇನ್ನೊಂದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಓಸ್ಟಿಯೊನಾಲ್. ಕಡಲು ನೋಡದವರೂ ಓದಬಹುದು. ಕೆರೆ ಮೀನು, ಕಾಡಿನ ಜೇನು, ನದಿಯ ಮರಳು ಇರುವ ಎಲ್ಲ ಊರಿಗೂ ಇದು ಸಂಬಂಧಿಸಿದ್ದೇ.

ಗುತ್ತಿಗೆಗೆ ಹೋದ ತೀರ

ರಂಟಾವ್ ಅಬಾಂಗ್ ಇರುವುದು ಮಲೇಷ್ಯಾದ ಪೂರ್ವ ಕರಾವಳಿಯ ತೆರೆಂಗಾನು ರಾಜ್ಯದಲ್ಲಿ. ಅಲ್ಲಿಗೆ ಬರುತ್ತಿದ್ದದ್ದು ಲೆದರ್‌ಬ್ಯಾಕ್ ಆಮೆ. ಕಡಲಾಮೆಗಳಲ್ಲೆಲ್ಲ ದೊಡ್ಡದು. ಬೆನ್ನ ಮೇಲೆ ಗಟ್ಟಿ ಚಿಪ್ಪಿನ ಬದಲು ಚರ್ಮದಂಥ ಹೊದಿಕೆ. ಒಂದೊಂದು ಆಮೆ ಮುನ್ನೂರು, ನಾನೂರು ಕಿಲೋ ತೂಗುತ್ತದೆ.

ಅಲ್ಲಿನ ಸರ್ಕಾರ ತೀರವನ್ನು ಭಾಗ ಮಾಡಿ, ಮೊಟ್ಟೆ ಆರಿಸುವ ಹಕ್ಕನ್ನು ಗುತ್ತಿಗೆಗೆ ಕೊಡುತ್ತಿತ್ತು. ನಮ್ಮಲ್ಲಿ ಹುಣಸೆ ಮರದ ಫಸಲನ್ನೋ ಕೆರೆಯ ಮೀನನ್ನೋ ಹರಾಜು ಹಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಗುತ್ತಿಗೆ ಹಿಡಿದವನಿಗೆ ಕಟ್ಟಿದ ಹಣ ಹುಟ್ಟಬೇಕು. ಹಾಗಾಗಿ ಬಹುಪಾಲು ಮೊಟ್ಟೆ ನೇರ ಮಾರುಕಟ್ಟೆಗೆ ಹೋಗುತ್ತಿತ್ತು.

1956ರಲ್ಲಿ ತೆರೆಂಗಾನು ತೀರದಲ್ಲಿ ಈ ಆಮೆಯ ಗೂಡುಗಳು ಅಂದಾಜು 10,155. ಅಷ್ಟು ಗೂಡು ಕಣ್ಣೆದುರು ಇದ್ದಾಗ ಚಿಂತೆ ಯಾರಿಗೆ ಬರುತ್ತದೆ? ಪ್ರತಿ ವರ್ಷ ತೆಗೆಯುತ್ತಿದ್ದರೂ ಮರುವರ್ಷ ಮತ್ತೆ ಆಮೆ ಬರುತ್ತಿದ್ದವು.

ಮೋಸ ಇದ್ದದ್ದು ಅಲ್ಲೇ. ಹುಣಸೆ ಮರ ಈ ವರ್ಷ ಕೈಕೊಟ್ಟರೆ ಈ ವರ್ಷವೇ ಗೊತ್ತಾಗುತ್ತದೆ. ಕಡಲಾಮೆ ಹಾಗಲ್ಲ. ಇವತ್ತು ಮರಳಿನಿಂದ ಹೊರಬಿದ್ದ ಮರಿ ತಾಯಿಯಾಗಿ ತೀರಕ್ಕೆ ಬರಲು ಹತ್ತಾರು ವರ್ಷ ಬೇಕು. ಮನೆಯಲ್ಲಿ ಹತ್ತು ಹಸು ಕರೆಯುತ್ತಿವೆ, ಹುಟ್ಟಿದ ಕರುಗಳನ್ನೆಲ್ಲ ಮಾರುತ್ತಿದ್ದೇವೆ ಎಂದುಕೊಳ್ಳಿ. ಹಾಲಿಗೇನೂ ಕೊರತೆ ಕಾಣುವುದಿಲ್ಲ. ಹಸುಗಳಿಗೆಲ್ಲ ಒಟ್ಟಿಗೆ ವಯಸ್ಸಾದ ವರ್ಷ ಮಾತ್ರ ಕೊಟ್ಟಿಗೆ ಖಾಲಿ. ತೆರೆಂಗಾನುವಿನಲ್ಲಿ ಆದದ್ದು ಇದೇ.

ಯಾರೂ ಏನೂ ಮಾಡಲಿಲ್ಲ ಎಂದು ಹೇಳುವ ಹಾಗೂ ಇಲ್ಲ. 1961ರಲ್ಲೇ ಅಲ್ಲಿ ಮರಿ ಮಾಡಿಸುವ ಕೇಂದ್ರ ಶುರುವಾಯಿತು. ಆರಿಸಿದ ಮೊಟ್ಟೆಗಳಲ್ಲಿ ಒಂದು ಪಾಲನ್ನು ಕೊಂಡು, ಬೇಲಿಯೊಳಗಿನ ಮರಳಿನಲ್ಲಿ ಹೂಳಿ, ಮರಿಗಳನ್ನು ಕಡಲಿಗೆ ಬಿಡುತ್ತಿದ್ದರು. ಆದರೆ ಆಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮರಳಿನ ಬಿಸಿ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ಈ ಸಂಗತಿ ಕೇಂದ್ರ ಶುರುವಾದಾಗ ಗೊತ್ತಿರಲಿಲ್ಲ. ಅಲ್ಲಿನ ಬಿಸಿ ಮರಳಿನಲ್ಲಿ ಹುಟ್ಟಿದ್ದು ಬಹುಪಾಲು ಹೆಣ್ಣು ಮರಿಗಳೇ ಇರಬೇಕೆಂದು ಮುಂದೆ ಸಂಶೋಧಕರು ತೋರಿಸಿದರು. ಇದರ ಜೊತೆಗೆ ಕಡಲಿನಲ್ಲಿ ಟ್ರಾಲರ್ ಬಲೆ, ತೇಲುಬಲೆಗಳಿಗೆ ಸಿಕ್ಕಿ ದೊಡ್ಡ ಆಮೆಗಳೂ ಸಾಯುತ್ತಿದ್ದವು.

1988ರಲ್ಲಿ ತೆರೆಂಗಾನು ಲೆದರ್‌ಬ್ಯಾಕ್ ಮೊಟ್ಟೆಯ ಮಾರಾಟ ನಿಲ್ಲಿಸಿತು. 1995ರಲ್ಲಿ ಸಿಕ್ಕ ಗೂಡುಗಳು 37. ಮುಂದೆ ಒಂದೂ ಕಾಣದ ವರ್ಷಗಳು ಬಂದವು.

ಗೊತ್ತಿಲ್ಲ ಎಂದು ಒಪ್ಪಿಕೊಂಡು ಶುರು ಮಾಡುವುದು

1970ರ ದಶಕದಲ್ಲಿ ಕೆನಡಾದಲ್ಲಿ ಸಿ.ಎಸ್. ಹಾಲಿಂಗ್, ಕಾರ್ಲ್ ವಾಲ್ಟರ್ಸ್ ಎಂಬ ವಿಜ್ಞಾನಿಗಳು ಮೀನು, ಕಾಡಿನಂಥ ಸಂಪತ್ತನ್ನು ಬಳಸುವ ಬಗ್ಗೆ ಒಂದು ದಾರಿ ಹೇಳಿದರು. ಕಡಲಿನಲ್ಲಿ ಎಷ್ಟಿದೆ, ಎಷ್ಟು ತೆಗೆದರೆ ಉಳಿಯುತ್ತದೆ ಎಂಬುದು ಪೂರ್ತಿ ಗೊತ್ತಾಗುವ ದಿನ ಬರುವುದೇ ಇಲ್ಲ. ಆದ್ದರಿಂದ ನಿಯಮವನ್ನು ಒಂದು ಪರೀಕ್ಷೆ ಎಂದುಕೊಳ್ಳಬೇಕು. ಸ್ವಲ್ಪ ತೆಗೆಯಬೇಕು, ತಪ್ಪದೆ ಎಣಿಸಬೇಕು, ಎಣಿಕೆ ಹೇಳಿದ ಹಾಗೆ ನಿಯಮ ಬದಲಿಸಬೇಕು.

ಹಳ್ಳಿಯವರಿಗೆ ಇದು ಹೊಸದೇನಲ್ಲ. ಹೊಸ ತಳಿಯ ಬೀಜ ಬಂದರೆ ತಿಳಿದ ರೈತ ಮೊದಲು ಹತ್ತು ಗುಂಟೆಯಲ್ಲಿ ಹಾಕಿ ನೋಡುತ್ತಾನೆ. ಅದೇ ಬುದ್ಧಿಯನ್ನು ಒಂದು ಇಡೀ ಊರು, ಒಂದು ಸರ್ಕಾರ ವರ್ಷಾನುಗಟ್ಟಲೆ ಬಿಡದೆ ನಡೆಸುವುದು ಮಾತ್ರ ಕಷ್ಟ.

ಮೂವತ್ತಾರು ಗಂಟೆಯ ನಿಯಮ

ಓಸ್ಟಿಯೊನಾಲ್ ಪೆಸಿಫಿಕ್ ಸಾಗರದ ದಡದ ಸಣ್ಣ ಹಳ್ಳಿ. ಅಲ್ಲಿಗೆ ಬರುವುದು ಆಲಿವ್ ರಿಡ್ಲೆ. ನಮ್ಮ ಹೊನ್ನಾವರ, ಕಾರವಾರ, ಕುಂದಾಪುರದ ತೀರಗಳಿಗೆ ಬಂದು ಮೊಟ್ಟೆಯಿಡುವುದೂ ಇದೇ ಜಾತಿ. ಇಲ್ಲಿ ಒಂದೊಂದಾಗಿ ಬರುತ್ತವೆ. ಅಲ್ಲಿ ಕೆಲವು ದಿನಗಳ ಒಳಗೆ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಅರಿಬಾಡಾ, ಅಂದರೆ ಆಗಮನ, ಎನ್ನುತ್ತಾರೆ.

ಮೊದಮೊದಲು ಅಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಊರವರೂ ಹೊರಗಿನವರೂ ಮೊಟ್ಟೆ ಬಾಚುತ್ತಿದ್ದರು, ಹಂದಿಗಳೂ ತಿನ್ನುತ್ತಿದ್ದವು. 1980ರಲ್ಲಿ ಕೋಸ್ಟರಿಕಾ ವಿಶ್ವವಿದ್ಯಾಲಯದವರು ಅಲ್ಲೊಂದು ಸಂಶೋಧನಾ ಕೇಂದ್ರ ತೆರೆದರು. ಈ ಕೆಲಸದಲ್ಲಿ ಮುಂದೆ ನಿಂತವರು ಜೀವವಿಜ್ಞಾನಿ ಡಗ್ಲಸ್ ರಾಬಿನ್ಸನ್. ಮೊದಲು ಬಂದ ಆಮೆಗಳ ಗೂಡನ್ನು ಹಿಂದಿನಿಂದ ಬಂದ ಆಮೆಗಳೇ ಅಗೆದು ಒಡೆಯುತ್ತಿದ್ದವು. ಒಡೆದ ಮೊಟ್ಟೆ ಕೊಳೆತು, ಬೂಸ್ಟು ಹಿಡಿದು, ಪಕ್ಕದ ಗೂಡೂ ಕೆಡುತ್ತಿತ್ತು. ಮರಿಯಾಗುತ್ತಿದ್ದದ್ದು ತೀರಾ ಸಣ್ಣ ಪಾಲು.

ಹೇಗೂ ಹಾಳಾಗುವ ಮೊದಲ ಮೊಟ್ಟೆಗಳನ್ನು ಊರವರು ತೆಗೆದರೆ ಹೇಗೆ? ಈ ಪ್ರಶ್ನೆಯಿಂದ ಬಂದ ನಿಯಮ 1987ರಿಂದ ಜಾರಿಗೆ ಬಂತು. ಪ್ರತಿ ಅರಿಬಾಡಾದ ಮೊದಲ 36 ಗಂಟೆ ಮಾತ್ರ ಮೊಟ್ಟೆ ತೆಗೆಯಬಹುದು. ಅದೂ ಊರಿನ ಅಭಿವೃದ್ಧಿ ಸಂಘದ ಸದಸ್ಯರಿಗೆ ಮಾತ್ರ. ಗಂಡಸರು ಮರಳನ್ನು ಹಿಮ್ಮಡಿಯಲ್ಲಿ ಒತ್ತಿ ಗೂಡು ಹುಡುಕುತ್ತಾರೆ, ಹೆಂಗಸರು ಮೊಟ್ಟೆ ತೆಗೆದು ಚೀಲಕ್ಕೆ ತುಂಬುತ್ತಾರೆ. ಬಂದ ಹಣದಲ್ಲಿ ಒಂದು ಪಾಲು ದುಡಿದವರಿಗೆ, ಇನ್ನೊಂದು ಪಾಲು ಊರಿನ ಕೆಲಸಗಳಿಗೆ. ಹಕ್ಕಿನ ಜೊತೆ ಹೊಣೆಯೂ ಉಂಟು. ತೀರ ಗುಡಿಸಬೇಕು, ಕಳ್ಳರನ್ನು ಕಾಯಬೇಕು, ಮರಿ ಹೊರಬರುವಾಗ ನಾಯಿ ಹದ್ದು ಓಡಿಸಬೇಕು.

ಇಲ್ಲಿ ಎಣಿಕೆಯೂ ನಡೆಯುತ್ತದೆ. ಲಕ್ಷ ಆಮೆಯನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಬೆಳೆ ವಿಮೆಗೆ ಬೆಳೆ ಕಟಾವು ಪ್ರಯೋಗ ಮಾಡುವಾಗ ಹೊಲದ ಒಂದು ತುಂಡು ಕೊಯ್ದು ಉಳಿದದ್ದಕ್ಕೆ ಲೆಕ್ಕ ಹಾಕುತ್ತಾರಲ್ಲ, ಹಾಗೆ ತೀರದ ಕೆಲವು ಪಟ್ಟಿಗಳಲ್ಲಿ ಮೊಟ್ಟೆಯಿಡುತ್ತಿರುವ ಆಮೆಗಳನ್ನು ಗಂಟೆಗಳ ಅಂತರದಲ್ಲಿ ಎಣಿಸಿ ಒಟ್ಟು ಅಂದಾಜು ಮಾಡುತ್ತಾರೆ. 2006ರಿಂದ 2010ರ ನಡುವಿನ ಎಣಿಕೆಯಲ್ಲಿ ಅತಿ ಸಣ್ಣ ಅರಿಬಾಡಾ 3,564 ಆಮೆಗಳದ್ದು, ಅತಿ ದೊಡ್ಡದು 4,76,550ರದ್ದು. ಇಷ್ಟು ಏರಿಳಿತ ಇರುವಾಗ ಒಂದು ವರ್ಷದ ಸುಗ್ಗಿ ನೋಡಿ ಎಲ್ಲ ಚೆನ್ನಾಗಿದೆ ಎಂದು ಹೇಳಲಾಗದು. ಹತ್ತಾರು ವರ್ಷದ ಲೆಕ್ಕ ಕೈಯಲ್ಲಿರಬೇಕು.

ಮುಟ್ಟದಿದ್ದರೂ ಕುಸಿದ ತೀರ

ಅದೇ ಕರಾವಳಿಯ ಉತ್ತರಕ್ಕೆ ನಾನ್ಸಿಟೆ ಎಂಬ ಇನ್ನೊಂದು ತೀರವಿದೆ. ಅದು ಸಾಂಟಾ ರೋಸಾ ರಾಷ್ಟ್ರೀಯ ಉದ್ಯಾನದ ಒಳಗಿದೆ. ಅಲ್ಲಿ ಮೊಟ್ಟೆ ಮುಟ್ಟುವ ಹಾಗಿಲ್ಲ. ಹಾಗಿದ್ದರೂ 1970ರ ದಶಕದಲ್ಲಿ ತುಂಬಿ ತುಳುಕುತ್ತಿದ್ದ ಅರಿಬಾಡಾ ಮುಂದಿನ ದಶಕಗಳಲ್ಲಿ ಬಹುವಾಗಿ ಕುಸಿಯಿತು. ಗೂಡಿನ ಮೇಲೆ ಗೂಡು ಬಿದ್ದು ಮರಳು ಕೆಟ್ಟದ್ದು ಒಂದು ಕಾರಣ ಎನ್ನುತ್ತಾರೆ.

ಹಾಗಾದರೆ ಮೊಟ್ಟೆ ತೆಗೆದದ್ದರಿಂದಲೇ ಓಸ್ಟಿಯೊನಾಲ್ ಉಳಿಯಿತು ಎನ್ನಬಹುದೇ? ಅಷ್ಟು ಸುಲಭದ ತೀರ್ಪು ಬೇಡ. ಅಲ್ಲೂ ಮರಿಯಾಗುವ ಪ್ರಮಾಣ ಕಡಿಮೆಯೇ. ಕಾನೂನಿನ ಮೊಟ್ಟೆಯ ಹೆಸರಿನಲ್ಲಿ ಕಳ್ಳ ಮೊಟ್ಟೆಯೂ ಮಾರಾಟವಾಗುತ್ತದೆ ಎಂಬ ಆಕ್ಷೇಪ ಇದೆ. ತಜ್ಞರ ನಡುವೆ ಚರ್ಚೆ ಮುಗಿದಿಲ್ಲ. ಆದರೆ ಎರಡು ಊರುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತೆರೆಂಗಾನುವಿನಲ್ಲಿ ತೆಗೆಯುವವನು ಗುತ್ತಿಗೆಯ ಅವಧಿಗೆ ಬಂದು ಹೋಗುವವನು. ಓಸ್ಟಿಯೊನಾಲ್‌ನಲ್ಲಿ ತೆಗೆಯುವವನೇ ಕಾಯುವವನು, ಅವನ ಮಕ್ಕಳೂ ಅಲ್ಲೇ ಬದುಕಬೇಕು. ಜೊತೆಗೆ ಎಣಿಸುವವರು ಬೇರೆ ಇದ್ದಾರೆ.

ನಮ್ಮ ಕಡೆ

ಒಡಿಶಾದ ಗಹಿರಮಥಾದಲ್ಲೂ 1970ರ ದಶಕದ ಮಧ್ಯದವರೆಗೆ ಪರವಾನಗಿ ಪಡೆದು ದೋಣಿಗಟ್ಟಲೆ ಮೊಟ್ಟೆ ಸಾಗಿಸುತ್ತಿದ್ದರು. ಆಮೇಲೆ ಭಾರತ ಬೇರೆ ದಾರಿ ಹಿಡಿಯಿತು, ಪೂರ್ತಿ ನಿಷೇಧ. ಇವತ್ತು ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ನಮ್ಮ ಕರಾವಳಿಗೆ ಬರುವ ಆಮೆಗಳು ಕಡಿಮೆ, ಇಲ್ಲಿ ಓಸ್ಟಿಯೊನಾಲ್ ನಿಯಮ ನಡೆಯುವ ಮಾತಿಲ್ಲ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ.

ಆದರೆ ನಿಷೇಧವೂ ಒಂದು ನಿಯಮ, ಅದನ್ನೂ ಎಣಿಸಿ ನೋಡಬೇಕು. ಒಡಿಶಾದಲ್ಲಿ ಆಮೆ ಬರುವ ತಿಂಗಳುಗಳಲ್ಲಿ ಮೀನುಗಾರಿಕೆ ನಿಲ್ಲಿಸಿದರೆ ಮೊದಲು ಒಲೆ ಆರುವುದು ಸಣ್ಣ ದೋಣಿಯವನ ಮನೆಯಲ್ಲಿ. ಅವನ ನಷ್ಟವೂ ಲೆಕ್ಕಕ್ಕೆ ಬರಬೇಕು.

ನಮ್ಮ ಊರುಗಳಲ್ಲಿ ಕೆರೆಯನ್ನೋ ಮರಳನ್ನೋ ಹರಾಜಿಗೆ ಇಡುವ ದಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೇ. ಈಗ ಎಷ್ಟಿದೆ ಎಂದು ಎಣಿಸಿದವರು ಯಾರು? ಮುಂದಿನ ವರ್ಷ ಎಣಿಸುವವರು ಯಾರು? ಎಷ್ಟಕ್ಕೆ ಇಳಿದರೆ ನಿಲ್ಲಿಸುತ್ತೀರಿ? ಈ ಮೂರಕ್ಕೆ ಉತ್ತರ ಸಿಗದಿದ್ದರೆ, ಹರಾಜಿನ ಮೊತ್ತ ಎಷ್ಟೇ ದೊಡ್ಡದಿರಲಿ, ಸಹಿ ಹಾಕುವ ಮೊದಲು ಒಂದು ಸಲ ತೆರೆಂಗಾನು ನೆನಪಿಗೆ ಬರಲಿ.